ತೊಟ್ಟಿಯ ನೀರು ಚೆಲ್ಲುವವರು ಯಾರು?

ಕೆಲಸಕ್ಕಾಗಿ ಹೈದರಾಬಾದಿಗೆ ಬಂದ ನನ್ನಂಥ ಕನ್ನಡಿಗರಿಗೆ ಚಾರ್‌ಮಿನಾರ್ ಗೊತ್ತು, ಗೋಲ್ಕೊಂಡ ಗೊತ್ತು, ಹೈಟೆಕ್ ಸಿಟಿಯ ಟ್ರಾಫಿಕ್ ಅಂತೂ ಚೆನ್ನಾಗಿಯೇ ಗೊತ್ತು. ಬೇಗಂಪೇಟೆಯ ಹಳೆಯ ವಿಮಾನ ನಿಲ್ದಾಣದ ಸಮೀಪ ಇರುವ ಸರ್ ರೊನಾಲ್ಡ್ ರಾಸ್ ಸಂಸ್ಥೆಯ ಹಳೆಯ ಕಟ್ಟಡ ಮಾತ್ರ ಬಹಳ ಜನರಿಗೆ ಗೊತ್ತಿಲ್ಲ. ಮಲೇರಿಯಾ ಮನುಷ್ಯನಿಗೆ ಹೇಗೆ ಅಂಟುತ್ತದೆ ಎಂಬ ಪ್ರಶ್ನೆಗೆ ಉತ್ತರದ ತುದಿ ಸಿಕ್ಕಿದ್ದು ಇಲ್ಲಿ, 1897ರ ಆಗಸ್ಟ್ 20ರಂದು. ಆ ನೆನಪಿಗಾಗಿಯೇ ಆಗಸ್ಟ್ 20 ವಿಶ್ವ ಸೊಳ್ಳೆ ದಿನ.

ಸೊಳ್ಳೆಯ ಗುಟ್ಟು ಕಂಡುಹಿಡಿದ, ನೊಬೆಲ್ ಪಡೆದ ಎಂಬಷ್ಟನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆದರೆ ಮಳೆಗಾಲ ಬಂದು ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಡೆಂಗಿ ಸುದ್ದಿ ಶುರುವಾದಾಗಲೆಲ್ಲ ನನಗೆ ನೆನಪಾಗುವುದು ರಾಸ್‌ನ ಬದುಕಿನ ಇನ್ನೊಂದು ಅರ್ಧ. ಗುಟ್ಟು ತಿಳಿದ ಮೇಲೆ ಆತ ಇನ್ನೂ 35 ವರ್ಷ ಬದುಕಿದ್ದ. ಆ ವರ್ಷಗಳಲ್ಲಿ ಬಹುಪಾಲು ಕಳೆದದ್ದು ಒಂದೇ ಮಾತನ್ನು ಸರ್ಕಾರಗಳ ಕಿವಿಗೆ ಹಾಕುವುದರಲ್ಲಿ: ಸೊಳ್ಳೆ ಹುಟ್ಟುವ ನೀರನ್ನು ನಿಲ್ಲಗೊಡಬೇಡಿ.

ರಾಸ್ ಹುಟ್ಟಿದ್ದು 1857ರ ಮೇ 13ರಂದು, ಹಿಮಾಲಯದ ತಪ್ಪಲಿನ ಅಲ್ಮೋರಾದಲ್ಲಿ. ಮೀರತ್‌ನಲ್ಲಿ ಸಿಪಾಯಿಗಳು ದಂಗೆ ಎದ್ದು ಆಗಿನ್ನೂ ಮೂರೇ ದಿನ. ಅಪ್ಪ ಸೈನ್ಯದ ಅಧಿಕಾರಿ. ಎಂಟನೆಯ ವಯಸ್ಸಿಗೆ ಹುಡುಗನನ್ನು ಓದಿಗೆಂದು ಇಂಗ್ಲೆಂಡಿಗೆ ಕಳುಹಿಸಿದರು. ಅವನ ಮನಸ್ಸಿದ್ದದ್ದು ಕವಿತೆ, ಸಂಗೀತ, ಚಿತ್ರಕಲೆ, ಗಣಿತದಲ್ಲಿ. ಅಪ್ಪನ ಹಟಕ್ಕೆ ಮಣಿದು ವೈದ್ಯಕೀಯ ಓದಿದ. 1881ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿ ಮದ್ರಾಸಿಗೆ ಬಂದಿಳಿದ. ಇಷ್ಟವಿಲ್ಲದ ಓದು, ಊರು ಬಿಟ್ಟು ಊರಿಗೆ ವರ್ಗ, ನಡುವೆ ಬಿಡುವಿದ್ದಾಗ ತನ್ನ ಮೆಚ್ಚಿನ ಹವ್ಯಾಸ. ನಮ್ಮಲ್ಲಿ ಅನೇಕರಿಗೆ ಈ ಬದುಕು ಪರಿಚಿತವೇ.

ಕಥೆಯ ಮುಖ್ಯ ಎಳೆ ಸಿಗುವುದು ನಮ್ಮ ಬೆಂಗಳೂರಿನಲ್ಲಿ. 1883ರಲ್ಲಿ ಆತ ಅಲ್ಲಿನ ದಂಡಿನ ವೈದ್ಯನಾಗಿದ್ದ. ಇದ್ದ ಬಂಗಲೆ ಚೆನ್ನಾಗಿತ್ತು, ಸೊಳ್ಳೆ ಕಾಟ ಮಾತ್ರ ವಿಪರೀತ. ಹುಡುಕಿ ನೋಡಿದರೆ ಕಿಟಕಿಯ ಕೆಳಗೆ ನೀರಿನ ಪೀಪಾಯಿ, ಅದರ ತುಂಬ ಮಿಲಮಿಲ ಆಡುವ ಸೊಳ್ಳೆಯ ಮರಿಗಳು. ಪೀಪಾಯಿ ಬೋರಲು ಹಾಕಿಸಿದ. ಸೊಳ್ಳೆ ಕಡಿಮೆಯಾದವು. ಸೊಳ್ಳೆಗೂ ಮಲೇರಿಯಾಗೂ ನಂಟಿದೆ ಎಂಬುದು ಆಗ ಆತನಿಗೂ ಗೊತ್ತಿರಲಿಲ್ಲ. ಅದು ಬರೀ ನಿದ್ದೆಯ ಪ್ರಶ್ನೆ. ಇದನ್ನೇ ಅಧಿಕಾರಿಗಳ ಮೆಸ್ಸಿನ ಸುತ್ತ ಇದ್ದ ತೊಟ್ಟಿ, ಹೂದಾನಿಗಳಿಗೂ ಮಾಡೋಣ ಎಂದು ಅಡ್ಜುಟೆಂಟ್‌ಗೆ ಸೂಚಿಸಿದ. ಸೃಷ್ಟಿಯ ನಿಯಮದಲ್ಲಿ ಕೈಹಾಕುವುದು ತಪ್ಪು, ಸೊಳ್ಳೆಗಳನ್ನೂ ಯಾವುದೋ ಉದ್ದೇಶಕ್ಕೆ ಸೃಷ್ಟಿಸಿರಬೇಕು ಎಂದು ಆತ ಒಪ್ಪಲಿಲ್ಲವಂತೆ. ಈ ಪ್ರಸಂಗವನ್ನು ರಾಸ್ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಮುಂದೆ ಎಷ್ಟೋ ಕಚೇರಿಗಳಲ್ಲಿ ಬೇರೆ ಬೇರೆ ಕಾರಣ ಹೇಳಿ ಇದೇ ಉತ್ತರ ಕೊಟ್ಟವರನ್ನು ಆತ ನೋಡಬೇಕಾಯಿತು.

1888ರಲ್ಲಿ ರಜೆಯ ಮೇಲೆ ಲಂಡನ್ನಿಗೆ ಹೋದವನು ಸಾರ್ವಜನಿಕ ಆರೋಗ್ಯದಲ್ಲಿ ಡಿಪ್ಲೊಮಾ ಮಾಡಿಕೊಂಡ. 1894ರಲ್ಲಿ ಅಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ಹಿರಿಯ ವೈದ್ಯರ ಪರಿಚಯವಾಯಿತು. ಫ್ರಾನ್ಸಿನ ಲ್ಯಾವೆರಾನ್ 1880ರಲ್ಲೇ ರೋಗಿಯ ರಕ್ತದಲ್ಲಿ ಕಂಡಿದ್ದ ಮಲೇರಿಯಾ ಪರಾವಲಂಬಿಯನ್ನು ಮ್ಯಾನ್ಸನ್ ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಅದನ್ನು ಸೊಳ್ಳೆಯ ಹೊಟ್ಟೆಯಲ್ಲಿ ಹುಡುಕು ಎಂದು ದಾರಿ ಹೇಳಿದವರೂ ಅವರೇ. ಅಲ್ಲಿಯವರೆಗೆ ಮಲೇರಿಯಾ ಎಂದರೆ ಜೌಗು ನೆಲದಿಂದ ಏಳುವ ಕೆಟ್ಟ ಗಾಳಿ ಎಂಬುದೇ ಬಹುಜನರ ನಂಬಿಕೆ. ಹೆಸರಿನ ಅರ್ಥವೂ ಅದೇ.

1895ರಲ್ಲಿ ಸಿಕಂದರಾಬಾದಿಗೆ ಬಂದ ರಾಸ್ ಕೆಲಸ ಶುರುಮಾಡಿದ. ಆದರೆ ಸರ್ಕಾರಕ್ಕೆ ಬೇಕಾಗಿದ್ದದ್ದು ಸಂಶೋಧಕನಲ್ಲ, ಹೇಳಿದಲ್ಲಿಗೆ ಹೋಗುವ ಡಾಕ್ಟರ್. ಸೆಪ್ಟೆಂಬರ್‌ನಲ್ಲಿ ಕಾಲರಾ ತಡೆಯಲು ಬೆಂಗಳೂರಿಗೆ ಕಳುಹಿಸಿದರು. ಸೊಳ್ಳೆಯ ಕೆಲಸ ಹಿಂದೆ ಬಿತ್ತು. ಆದರೂ ಆ ದಿನಗಳು ವ್ಯರ್ಥವಾಗಲಿಲ್ಲ ಎಂದು ನನಗನ್ನಿಸುತ್ತದೆ. ಬಾವಿ, ಚರಂಡಿ, ಕಸ ಇವುಗಳ ನಡುವೆ ಓಡಾಡಿದ ವೈದ್ಯನಿಗೆ ಕಾಯಿಲೆ ಬರೀ ರೋಗಿಯ ಮೈಯಲ್ಲಿಲ್ಲ, ಊರಿನ ವ್ಯವಸ್ಥೆಯಲ್ಲೂ ಇದೆ ಎಂಬುದು ಇಂಥ ಕೆಲಸದಲ್ಲೇ ಮನದಟ್ಟಾಗುವುದು. 1897ರಲ್ಲಿ ಊಟಿಗೆ ಹೋದಾಗ ಸೀಗೂರು ಘಾಟಿಯಲ್ಲಿ ಆತನಿಗೇ ಮಲೇರಿಯಾ ತಗಲಿತು.

ಅದೇ ವರ್ಷ ಜೂನ್‌ನಲ್ಲಿ ಮತ್ತೆ ಸಿಕಂದರಾಬಾದು. ಸೆಕೆಗೆ ಬೆವರು ಸುರಿದು ಸೂಕ್ಷ್ಮದರ್ಶಕದ ಸ್ಕ್ರೂಗಳು ತುಕ್ಕು ಹಿಡಿದಿದ್ದವು. ಪಂಖಾ ಬೀಸಿಸುವಂತಿರಲಿಲ್ಲ, ಕೊಯ್ದಿಟ್ಟ ಸೊಳ್ಳೆ ಹಾರಿಹೋಗುತ್ತದೆ. ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿ ಸೊಳ್ಳೆಗಳಿಂದ ಕಚ್ಚಿಸಿಕೊಂಡ, ಸೊಳ್ಳೆಗೆ ಒಂದು ಆಣೆಯಂತೆ. ಹಿಂದೆಲ್ಲ ಪರೀಕ್ಷಿಸಿದ್ದವು ಬೇರೆ ಜಾತಿಯವು. ಈ ಸಲ ಸಿಕ್ಕವು ಚುಕ್ಕೆ ರೆಕ್ಕೆಯ ಅನಾಫಿಲಿಸ್. ಆಗಸ್ಟ್ 20ರಂದು ಅಂಥ ಒಂದು ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ, ಮಲೇರಿಯಾ ಪರಾವಲಂಬಿಗೆ ಮಾತ್ರ ಇರುವ ಕಪ್ಪು ಕಣಗಳು ತುಂಬಿದ ಗುಂಡನೆಯ ಕೋಶಗಳು ಕಂಡವು. ಪ್ರಪಂಚ ಆತನ ಹೆಸರು ಬರೆದುಕೊಂಡಿತು. ಆಣೆಗೆ ತೋಳು ಒಡ್ಡಿದವನ ಹೆಸರು ಅಡಿಟಿಪ್ಪಣಿಯಾಗಿ ಉಳಿಯಿತು.

ಇನ್ನೇನು ಮುಂದಿನ ಹೆಜ್ಜೆ ಇಡಬೇಕು ಅನ್ನುವಷ್ಟರಲ್ಲಿ ಮತ್ತೆ ವರ್ಗ, ಈ ಸಲ ರಾಜಪುತಾನದ ಖೇರ್‌ವಾಡಕ್ಕೆ. ಅಲ್ಲಿ ಮಲೇರಿಯಾ ರೋಗಿಗಳೇ ವಿರಳ. ಲಂಡನ್ನಿನಲ್ಲಿ ಮ್ಯಾನ್ಸನ್ ಒತ್ತಡ ಹೇರಿದ ಮೇಲೆ 1898ರಲ್ಲಿ ಕಲ್ಕತ್ತಾಕ್ಕೆ ಕಳುಹಿಸಿದರು. ಅಲ್ಲಿ ಹಕ್ಕಿಗಳ ಮಲೇರಿಯಾ ಹಿಡಿದು, ಪರಾವಲಂಬಿ ಸೊಳ್ಳೆಯ ಜೊಲ್ಲಿನ ಗ್ರಂಥಿ ಸೇರಿ ಕಚ್ಚಿದಾಗ ಮತ್ತೊಂದು ಹಕ್ಕಿಗೆ ದಾಟುವುದನ್ನು ಜುಲೈನಲ್ಲಿ ತೋರಿಸಿಕೊಟ್ಟ. 1899ರಲ್ಲಿ ಭಾರತದ ನೌಕರಿ ಬಿಟ್ಟು ಲಿವರ್‌ಪೂಲ್ ಸೇರಿದ. 1902ರಲ್ಲಿ ನೊಬೆಲ್ ಬಂತು.

ನಮ್ಮ ಪಠ್ಯಪುಸ್ತಕ ಇಲ್ಲಿಗೆ ನಿಲ್ಲುತ್ತದೆ. ನಿಜವಾದ ಜಗಳ ಶುರುವಾಗುವುದೇ ಇಲ್ಲಿಂದ.

ಸೊಳ್ಳೆ ಕಾರಣ ಎಂದಾದರೆ ಸೊಳ್ಳೆ ಹುಟ್ಟದಂತೆ ಮಾಡಬೇಕು: ಹೊಂಡ ಮುಚ್ಚಿಸಿ, ಚರಂಡಿ ಹರಿಯುವಂತೆ ಮಾಡಿ, ಬೇಡದ ನೀರು ಚೆಲ್ಲಿ, ಚೆಲ್ಲಲಾಗದ ನೀರಿಗೆ ಎಣ್ಣೆ ಹಾಕಿ. ಇದಕ್ಕೊಬ್ಬ ಜವಾಬ್ದಾರಿಯ ಅಧಿಕಾರಿ, ವರ್ಷವಿಡೀ ಕೆಲಸ ಮಾಡುವ ಆಳುಗಳು, ಪ್ರತಿವರ್ಷದ ಹಣ ಇಷ್ಟನ್ನು ರಾಸ್ ಕೇಳಿದ. ಈಜಿಪ್ಟಿನ ಇಸ್ಮಾಯಿಲಿಯಾದಲ್ಲಿ ಸೂಯೆಜ್ ಕಾಲುವೆ ಕಂಪನಿ ಆತನನ್ನು ಕರೆಸಿ 1902ರಿಂದ ಹೇಳಿದಂತೆ ಮಾಡಿತು. ಕೆಲವೇ ವರ್ಷಗಳಲ್ಲಿ ಆ ಊರಿನ ಮಲೇರಿಯಾ ಹೆಚ್ಚುಕಡಿಮೆ ಅಳಿಯಿತು. ಪನಾಮಾ ಕಾಲುವೆಯ ಕೆಲಸದಲ್ಲೂ ಅಮೆರಿಕದವರು ಇದೇ ದಾರಿ ಹಿಡಿದರು.

ಭಾರತದಲ್ಲಿ ಆದದ್ದು ಬೇರೆ. ಲಾಹೋರಿನ ಹತ್ತಿರ ಮಿಯಾನ್ ಮೀರ್ ಎಂಬ ದಂಡಿನ ಪ್ರದೇಶದಲ್ಲಿ 1902ರಲ್ಲಿ ಪ್ರಯೋಗ ಶುರುವಾಯಿತು. ಸುತ್ತ ನೀರಾವರಿ ಕಾಲುವೆಗಳು, ಹೋದ ಸೊಳ್ಳೆ ಮತ್ತೆ ಬಂದವು. ಸೊಳ್ಳೆ ನಿರ್ಮೂಲನೆ ಇಲ್ಲಿ ಸಾಧ್ಯವಿಲ್ಲ ಎಂಬ ತೀರ್ಮಾನಕ್ಕೆ ಅದು ಆಧಾರವಾಯಿತು. ಪ್ರದೇಶ ಚಿಕ್ಕದು, ಹಣ ಸಾಲದು, ಅರೆಮನಸ್ಸಿನ ಕೆಲಸವನ್ನು ನೋಡಿ ವಿಧಾನವೇ ತಪ್ಪು ಎನ್ನಬೇಡಿ ಎಂದು ರಾಸ್ ವಾದಿಸಿದ. ದೇಶ ದೊಡ್ಡದು, ಖರ್ಚು ಹೆಚ್ಚು ಎಂಬ ಲೆಕ್ಕವೇ ಗೆದ್ದಿತು. ಸರ್ಕಾರ ಹೆಚ್ಚಾಗಿ ನೆಚ್ಚಿಕೊಂಡದ್ದು ಕ್ವಿನೈನ್ ಹಂಚಿಕೆಯನ್ನು. ಅದರ ಪೊಟ್ಟಣಗಳನ್ನು ಅಂಚೆ ಕಚೇರಿಗಳಲ್ಲೂ ಮಾರಿದರು. ಮಾತ್ರೆ ಕೊಡುವುದು ಸುಲಭ, ಚರಂಡಿ ಕಟ್ಟಿಸುವುದು ಕಷ್ಟ.

ಬರೀ ಬೈದು ಕೂರುವ ಮನುಷ್ಯ ಆತನಾಗಿರಲಿಲ್ಲ. 1908ರ ಹೊತ್ತಿಗೆ ಮಾರಿಷಸ್‌ನ ವರದಿಯಲ್ಲೂ ಆಮೇಲಿನ ಪುಸ್ತಕದಲ್ಲೂ ತನ್ನ ಪ್ರೀತಿಯ ಗಣಿತವನ್ನು ಕೆಲಸಕ್ಕೆ ಹಚ್ಚಿದ. ಪ್ರತಿಯೊಂದು ಸೊಳ್ಳೆಯನ್ನೂ ಕೊಲ್ಲಬೇಕಿಲ್ಲ, ಜನಸಂಖ್ಯೆಗೆ ಹೋಲಿಸಿದರೆ ಸೊಳ್ಳೆಗಳ ಸಂಖ್ಯೆ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಸಾಕು, ಮಲೇರಿಯಾ ತಾನಾಗಿ ಕುಗ್ಗುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದ. ಕೊರೊನಾ ಕಾಲದಲ್ಲಿ ಆರ್ ಸಂಖ್ಯೆ ಎಂದು ಟಿ.ವಿ.ಯಲ್ಲಿ ಕೇಳಿದೆವಲ್ಲ, ಆ ಚಿಂತನೆಯ ಬೇರು ಇಲ್ಲಿದೆ.

ಆತ ಸಂತನೇನೂ ಅಲ್ಲ. ಇಟಲಿಯ ಗ್ರಾಸ್ಸಿಯೊಡನೆ ಕೀರ್ತಿಗಾಗಿ ವರ್ಷಗಟ್ಟಲೆ ಕಹಿಯಾಗಿ ಜಗಳವಾಡಿದ. ಸರ್ಕಾರ ತನಗೆ ತಕ್ಕ ಪ್ರತಿಫಲ ಕೊಡಲಿಲ್ಲ ಎಂದು ಕೊನೆಯವರೆಗೂ ಗೊಣಗಿದ. ಹಣದ ಮುಗ್ಗಟ್ಟಿನಲ್ಲಿ ತನ್ನ ಕಾಗದಪತ್ರಗಳನ್ನೇ ಮಾರಿದ. 1932ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ತೀರಿಕೊಂಡ.

ಆತ ಹೇಳಿದ ಎಚ್ಚರಿಕೆಯ ಬೆಲೆ ಸ್ವತಂತ್ರ ಭಾರತಕ್ಕೂ ತಿಳಿಯಿತು. ಸ್ವಾತಂತ್ರ್ಯದ ಹೊತ್ತಿಗೆ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಮಲೇರಿಯಾ ಪ್ರಕರಣಗಳು, 8 ಲಕ್ಷ ಸಾವು ಎಂಬ ಅಂದಾಜಿತ್ತು. ನಮ್ಮ ಮಲೆನಾಡಿನ ಹಿರಿಯರಿಗೆ ಚಳಿಜ್ವರದ ಆ ಕಾಲ ಮರೆತಿರಲಿಕ್ಕಿಲ್ಲ. 1953ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಬಂತು, ಡಿಡಿಟಿ ಸಿಂಪಡಿಸಿದರು, 1965ರ ಹೊತ್ತಿಗೆ ಪ್ರಕರಣಗಳು ಸುಮಾರು ಒಂದು ಲಕ್ಷಕ್ಕೆ ಇಳಿದವು. ಗೆದ್ದೆವು ಎಂದುಕೊಂಡು ಕೈ ಸಡಿಲಿಸಿದೆವು. ಸೊಳ್ಳೆಗಳೂ ಡಿಡಿಟಿಗೆ ಒಗ್ಗಿಕೊಂಡವು. 1976ರಲ್ಲಿ ಲೆಕ್ಕ 64 ಲಕ್ಷ ದಾಟಿತ್ತು.

ಈಗ ನಗರಗಳಲ್ಲಿ ನಮ್ಮನ್ನು ಹೆಚ್ಚು ಕಾಡುವುದು ಡೆಂಗಿ. ಅದರ ಈಡಿಸ್ ಸೊಳ್ಳೆ ಹುಟ್ಟುವುದು ಕೊಳಚೆಯಲ್ಲಲ್ಲ. ಕೂಲರ್, ಹೂಕುಂಡದ ತಟ್ಟೆ, ಬಿಸಾಡಿದ ಟೈರು, ಎಳನೀರಿನ ಬುರುಡೆ, ಕಟ್ಟುತ್ತಿರುವ ಮನೆಯ ಕ್ಯೂರಿಂಗ್ ನೀರು ಇವೇ ಅದರ ತವರು. ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಆದ್ದರಿಂದಲೇ ವಾರಕ್ಕೊಮ್ಮೆ ನೀರು ಚೆಲ್ಲಿ ಪಾತ್ರೆ ಒಣಗಿಸಿ ಎನ್ನುವುದು. ಕರ್ನಾಟಕ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಹುಟ್ಟಲು ಬಿಡುವವರಿಗೆ ದಂಡವನ್ನೂ ಗೊತ್ತುಮಾಡಿತು. ಒಳ್ಳೆಯ ಹೆಜ್ಜೆಯೇ. ಆದರೆ ಮನೆಯ ಹೂಕುಂಡಕ್ಕೆ ದಂಡ ಹಾಕುವ ಆಡಳಿತ ತನ್ನದೇ ಅರ್ಧ ಅಗೆದ ರಸ್ತೆ, ಮುಚ್ಚದ ಚರಂಡಿಯ ಲೆಕ್ಕವನ್ನೂ ಕೊಡಬೇಕಲ್ಲವೇ?

ನಾವಿರುವುದು ಪುಣೆಯಲ್ಲೋ ಚೆನ್ನೈಯಲ್ಲೋ ದೆಹಲಿಯಲ್ಲೋ, ಬಾಡಿಗೆ ಮನೆಯವರಾದ ನಮಗೆ ವಾರ್ಡಿನ ಸಂಗತಿ ನಮ್ಮದಲ್ಲ ಅನ್ನಿಸಿಬಿಡುತ್ತದೆ. ಮಳೆ ಬಂದಾಗ ಫಾಗಿಂಗ್ ಮಾಡಿಸಿ ಎಂದು ಕೂಗುತ್ತೇವೆ. ಹೊಗೆ ಹಾರಾಡುವ ಸೊಳ್ಳೆಯನ್ನು ಸ್ವಲ್ಪ ಹೊತ್ತು ತಗ್ಗಿಸುತ್ತದೆ, ತೊಟ್ಟಿಯೊಳಗಿನ ಮರಿಗಳಿಗೆ ಏನೂ ಮಾಡುವುದಿಲ್ಲ. ಹೊಗೆಯ ಗಾಡಿ ಯಾವಾಗ ಬರುತ್ತದೆ ಎಂದು ಕೇಳುವ ಬದಲು, ಈ ತಿಂಗಳು ನಮ್ಮ ವಾರ್ಡಿನಲ್ಲಿ ಎಷ್ಟು ಮನೆ ನೋಡಿದಿರಿ, ಎಷ್ಟು ಕಡೆ ಲಾರ್ವಾ ಸಿಕ್ಕಿತು, ಈ ಕೆಲಸಕ್ಕೆ ಎಷ್ಟು ಜನ ಇದ್ದಾರೆ ಎಂದು ಪಾಲಿಕೆಯನ್ನು ಕೇಳೋಣ. ರಾಸ್ ಜೀವಮಾನವಿಡೀ ಕೇಳಿದ್ದು ಇಂಥ ಲೆಕ್ಕವನ್ನೇ. ಬೇರೆ ಊರಿನವರು ಎಂದು ಸೊಳ್ಳೆಯಂತೂ ನಮ್ಮನ್ನು ಬಿಡುವುದಿಲ್ಲ. ಕೇಳುವ ಹಕ್ಕನ್ನು ನಾವೇಕೆ ಬಿಡಬೇಕು?