ಟಿಪ್ಪು ಸುಲ್ತಾನನ ಹುಲ್ಲುಗಾವಲುಗಳು

ತುಮಕೂರು ಜಿಲ್ಲೆಯ ಕುಣಿಗಲ್ ಎಂದೊಡನೆ ನಾಡಿನ ಜನರಿಗೆ ಎರಡು ಸಂಗತಿಗಳು ನೆನಪಿಗೆ ಬರುತ್ತವೆ. ಒಂದು, ಜನಪದರು ಹಾಡಿ ಹೊಗಳಿದ ಅಲ್ಲಿನ ದೊಡ್ಡ ಕೆರೆ. ಇನ್ನೊಂದು, ಅಲ್ಲಿನ ಕುದುರೆ ಫಾರಂ. ಕೊತ್ತಗೆರೆ, ಅಮೃತೂರು, ಹುಲಿಯೂರುದುರ್ಗಗಳ ಕಡೆಯಿಂದ ಪಟ್ಟಣಕ್ಕೆ ಬಂದುಹೋಗುವ ರೈತರು ತಲೆತಲಾಂತರಗಳಿಂದ ಆ ಕುದುರೆಗಳನ್ನು ಕಂಡವರು. ನಾನೂರಕ್ಕೂ ಹೆಚ್ಚು ಎಕರೆಗಳ ಆ ನೆಲದಲ್ಲಿ ಕುದುರೆ ಸಾಕುವ ಕಾರ್ಯವು ಟಿಪ್ಪು ಸುಲ್ತಾನನ ಕಾಲದಲ್ಲಿ ಆರಂಭವಾಯಿತೆಂಬುದು ಪ್ರಸಿದ್ಧವಾದ ಮಾತು. ಟಿಪ್ಪುವನ್ನು ಲೋಕವು ಕತ್ತಿ ಹಿಡಿದ ವೀರನೆಂದು ಬಲ್ಲುದು. ಆದರೆ ಸವಾರನ ಕತ್ತಿಗೆ ಕುದುರೆಯ ಬಲ ಬೇಕು. ಕುದುರೆಗೆ ಹುಲ್ಲಿನ ಬಲ ಬೇಕು. ಈ ಸತ್ಯವನ್ನು ಬಲ್ಲ ಅರಸನಾಗಿಯೂ ಟಿಪ್ಪು ಸ್ಮರಣೀಯನಾಗಿದ್ದಾನೆ.

ಟಿಪ್ಪು 1750ರಲ್ಲಿ ದೇವನಹಳ್ಳಿಯಲ್ಲಿ ಜನಿಸಿದನು. ತಂದೆ ಹೈದರಾಲಿ ಸಾಮಾನ್ಯ ಸೈನಿಕನ ಸ್ಥಿತಿಯಿಂದ ಮೈಸೂರು ರಾಜ್ಯದ ಸರ್ವಾಧಿಕಾರಿಯ ಪದವಿಗೆ ಏರಿದವನು, ಓದುಬರಹ ಬಲ್ಲವನಲ್ಲ. ತನಗೆ ದೊರೆಯದ ವಿದ್ಯೆ ಮಗನಿಗೆ ದೊರೆಯಲೆಂದು ಅವನು ಉಪಾಧ್ಯಾಯರನ್ನು ನೇಮಿಸಿದನು. ಓದಿನೊಡನೆ ಕುದುರೆಸವಾರಿಯಲ್ಲಿಯೂ ಟಿಪ್ಪು ನಿಪುಣನಾದನು. 1767ರಲ್ಲಿ, ಇನ್ನೂ ಹದಿಹರೆಯದಲ್ಲಿದ್ದಾಗಲೇ, ಅಶ್ವದಳವೊಂದರ ನಾಯಕನಾಗಿ ಮದರಾಸಿನ ಹೊರವಲಯದವರೆಗೆ ನುಗ್ಗಿ ಇಂಗ್ಲಿಷರನ್ನು ಬೆಚ್ಚಿಬೀಳಿಸಿದನು. ಅರಸನಾದ ಮೇಲೂ ಆತನಿಗೆ ಕುದುರೆಯ ಮೇಲಿನ ಪ್ರಯಾಣವೇ ಪ್ರಿಯವಾಗಿತ್ತು. ಪಲ್ಲಕ್ಕಿಯಲ್ಲಿ ಕುಳಿತು ಹೋಗುವುದನ್ನು ಆತನು ಹೀಗಳೆಯುತ್ತಿದ್ದನು. ವಯಸ್ಸಾದ ಅಧಿಕಾರಿಗಳೂ ಪಲ್ಲಕ್ಕಿಯನ್ನು ಬಳಸದಂತೆ ಬಹುಮಟ್ಟಿಗೆ ತಡೆದಿದ್ದನು.

ಆದರೆ ದಕ್ಷಿಣ ದೇಶದಲ್ಲಿ ಒಳ್ಳೆಯ ಕುದುರೆಗಳನ್ನು ಪಡೆಯುವುದು ಸುಲಭವಾಗಿರಲಿಲ್ಲ. ವಿಜಯನಗರದ ಕಾಲದಿಂದಲೂ ಅರಬ್ ಮತ್ತು ಪಾರಸಿ ದೇಶಗಳ ಕುದುರೆಗಳು ಹಡಗುಗಳಲ್ಲಿ ಭಟ್ಕಳ, ಹೊನ್ನಾವರ, ಗೋವೆಗಳ ರೇವುಗಳಿಗೆ ಬಂದು ಇಳಿಯುತ್ತಿದ್ದವು. ಅವುಗಳಿಗಾಗಿ ಅಪಾರವಾದ ಹಣವು ಹೊರದೇಶಗಳಿಗೆ ಸಾಗುತ್ತಿತ್ತು. ದಾರಿಯಲ್ಲಿಯೇ ಸತ್ತುಹೋಗುತ್ತಿದ್ದ ಕುದುರೆಗಳೂ ಉಂಟು. ರೇವುಗಳು ಪರರ ಕೈಸೇರಿದರೆ ಸೈನ್ಯಕ್ಕೆ ಕುದುರೆಗಳೇ ಇಲ್ಲವಾಗುತ್ತಿದ್ದವು. ಆದುದರಿಂದ ನಾಡಿನೊಳಗೆ ಕುದುರೆಗಳನ್ನು ಬೆಳೆಸುವುದು ರಾಜ್ಯದ ಅಳಿವು ಉಳಿವಿನ ಪ್ರಶ್ನೆಯಾಗಿತ್ತು. ಕೆರೆಯ ನೀರು, ಬಯಲಿನ ಹುಲ್ಲು ಎರಡೂ ಇದ್ದ ಕುಣಿಗಲ್ಲಿನ ನೆಲವು ಇದಕ್ಕೆ ಒದಗಿಬಂದಿತು.

ಕುದುರೆಗಳಷ್ಟೇ ಮುಖ್ಯವಾದವು ಎತ್ತುಗಳು. ಫಿರಂಗಿಗಳನ್ನೂ ಧಾನ್ಯದ ಚೀಲಗಳನ್ನೂ ಎಳೆಯುತ್ತಿದ್ದವು ಅವೇ. ಚಿಕ್ಕದೇವರಾಜ ಒಡೆಯರು 1673ರಿಂದ 1704ರವರೆಗೆ ಆಳಿದ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯನ್ನು ಸ್ಥಾಪಿಸಿ, ಅರಮನೆಯ ದನಗಳಿಗೆಂದು ರಾಜ್ಯದ ಹಲವೆಡೆ ಹುಲ್ಲುಗಾವಲುಗಳನ್ನು ಮೀಸಲಿಟ್ಟಿದ್ದರು. ಇವೇ ಕಾವಲುಗಳು. ಹೈದರಾಲಿಯು ಪಾಳೆಯಗಾರರನ್ನು ಗೆದ್ದಾಗ ಅವರ ಉತ್ತಮ ದನಗಳನ್ನು ಈ ಮಂದೆಗಳಿಗೆ ಸೇರಿಸಿದನು. ಹಳ್ಳಿಕಾರ್, ಚಿತ್ರದುರ್ಗ ತಳಿಗಳೊಡನೆ, ಇಂದಿನ ಗುಬ್ಬಿ ತಾಲ್ಲೂಕಿಗೆ ಸೇರಿದ ಹಾಗಲವಾಡಿಯ ತಳಿಯೂ ಅಲ್ಲಿ ಬೆಳೆಯಿತು.

1782ರ ಡಿಸೆಂಬರಿನಲ್ಲಿ ಹೈದರಾಲಿಯು ಮರಣಹೊಂದಲು ಟಿಪ್ಪು ಅಧಿಕಾರಕ್ಕೆ ಬಂದನು. ಮರುವರ್ಷವೇ ಇಂಗ್ಲಿಷರು ಪಶ್ಚಿಮದ ಬಿದನೂರನ್ನು ವಶಪಡಿಸಿಕೊಂಡರು. ಟಿಪ್ಪು ಪೂರ್ವದ ಬಯಲುಸೀಮೆಯಿಂದ ಸೈನ್ಯದೊಡನೆ ತ್ವರೆಯಾಗಿ ನಡೆದುಬಂದು ಅದನ್ನು ಮರಳಿ ಗೆದ್ದನು. ಫಿರಂಗಿಗಳನ್ನು ಎಳೆದುಕೊಂಡು ಅಷ್ಟು ವೇಗವಾಗಿ ಸಾಗಲು ನೆರವಾದವು ಈ ಕಾವಲುಗಳಲ್ಲಿ ಬೆಳೆದ ಎತ್ತುಗಳೇ. 1784ರ ಮಂಗಳೂರು ಒಪ್ಪಂದದಿಂದ ಆ ಯುದ್ಧವು ಮುಗಿಯಿತು.

ಟಿಪ್ಪು ಬೆಣ್ಣೆ ಚಾವಡಿಗೆ ‘ಅಮೃತ ಮಹಲ್’ ಎಂಬ ಹೊಸ ಹೆಸರನ್ನಿತ್ತನು. ದನಗಳ ಪಾಲನೆಗಾಗಿ ವಿವರವಾದ ಹುಕುಂನಾಮೆಯನ್ನು ಹೊರಡಿಸಿದನು. ವರ್ಷಕ್ಕೊಮ್ಮೆ ಮಂದೆಗಳನ್ನೆಲ್ಲ ಒಂದೆಡೆ ಕೂಡಿಸಿ ಎಣಿಸುವ ಪದ್ಧತಿಯಿತ್ತು. ಆ ಎಣಿಕೆಗೆ ಅರಸನು ತಾನೇ ಬರುತ್ತಿದ್ದನು. ಚೆನ್ನಾಗಿ ಸಾಕಿದವರಿಗೆ ಬಹುಮಾನ ಕೊಡುತ್ತಿದ್ದನು.

ಈ ದನಗಳು ಕೊಟ್ಟಿಗೆಯನ್ನು ಕಂಡವಲ್ಲ. ಬಿಸಿಲು, ಮಳೆ, ಚಳಿಗಳಲ್ಲಿ ಬಯಲಿನಲ್ಲಿಯೇ ತಿರುಗಾಡಿ ಮೇಯುತ್ತಿದ್ದುದರಿಂದ ಬಹುಪಾಲು ಕಾಡುಪ್ರಾಣಿಗಳಂತೆಯೇ ಇದ್ದವು. ಹಾಗೆಂದು ಅವುಗಳನ್ನು ಮನಬಂದ ಕಡೆಗೆ ಬಿಟ್ಟಿರಲಿಲ್ಲ. ಬೇಸಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಹುಲ್ಲುಗಾವಲುಗಳನ್ನು ವಿಂಗಡಿಸಲಾಗಿತ್ತು. ಮರದ ನೆರಳೂ ಕೆರೆಯಂಗಳದ ಹಸುರೂ ಇರುವ ನೆಲ ಬೇಸಗೆಗೆ ಮೀಸಲು. ಮಂದೆಯು ಒಂದು ಕಾವಲಿನಿಂದ ಇನ್ನೊಂದಕ್ಕೆ ಹೋದಾಗ ಹಿಂದಿನ ನೆಲಕ್ಕೆ ವಿಶ್ರಾಂತಿ ದೊರೆಯುತ್ತಿತ್ತು. ಹುಲ್ಲು ಮತ್ತೆ ಚಿಗುರುತ್ತಿತ್ತು. ನೆಲ ತಾಳುವಷ್ಟೇ ಮಂದೆ, ಕಾಲಕ್ಕೆ ತಕ್ಕ ಮೇವು, ತಪ್ಪದ ಎಣಿಕೆ: ಈ ವ್ಯವಸ್ಥೆಯ ತಿರುಳು ಇಷ್ಟೇ.

ಈ ತಿಳಿವಿನ ಬೆಲೆಯೇನೆಂಬುದು 1791ರಲ್ಲಿ ತಿಳಿದುಬಂದಿತು. ಆ ವರ್ಷದ ಮಾರ್ಚ್ ತಿಂಗಳಲ್ಲಿ ಲಾರ್ಡ್ ಕಾರ್ನ್‌ವಾಲಿಸನು ಬೆಂಗಳೂರಿನ ಕೋಟೆಯನ್ನು ಗೆದ್ದು, ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಳಿಗೆ ಬಂದನು. ಟಿಪ್ಪುವಿನ ಸವಾರರು ಶತ್ರುವಿನ ದಾರಿಯ ಸುತ್ತಲಿನ ಮೇವನ್ನೆಲ್ಲ ಸುಟ್ಟು ಬಯಲು ಮಾಡಿದರು. ಇಂಗ್ಲಿಷರ ಎತ್ತುಗಳೂ ಕುದುರೆಗಳೂ ಹಸಿವಿನಿಂದಲೂ ರೋಗದಿಂದಲೂ ಗುಂಪುಗುಂಪಾಗಿ ಸತ್ತವು. ಎಳೆಯಲು ಎತ್ತುಗಳಿಲ್ಲದೆ ಕಾರ್ನ್‌ವಾಲಿಸನು ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆದುಹಾಕಿ ಹಿಂದಿರುಗಬೇಕಾಯಿತು. ಆದರೆ ಹುಲ್ಲು ಸುಟ್ಟುಹೋದಾಗ ನೊಂದವರು ಶತ್ರುಗಳು ಮಾತ್ರವಲ್ಲ. ಆ ದಾರಿಯ ಹಳ್ಳಿಗಳ ರೈತರೂ ತಮ್ಮ ದನಕರುಗಳೊಡನೆ ಕಂಗೆಟ್ಟರು. ಹುಲ್ಲನ್ನು ಕಾಯುವ ಕಟ್ಟಳೆ ಮಾಡಿದ ಅರಸನೇ ಹುಲ್ಲನ್ನು ಸುಡುವ ಆಜ್ಞೆಯನ್ನೂ ಮಾಡಬೇಕಾಯಿತು. ಯುದ್ಧದ ಕ್ರೌರ್ಯವೇ ಅಂಥದು. ಮಲಬಾರು, ಕೊಡಗುಗಳ ಮೇಲಿನ ದಂಡಯಾತ್ರೆಗಳಲ್ಲಿಯೂ ಆತನ ಸೈನ್ಯದಿಂದ ಜನರು ಬಹಳ ಕಷ್ಟಪಟ್ಟರೆಂಬುದನ್ನು ಮರೆಯಲಾಗದು.

ವಿಜಯವು ಬಹುಕಾಲ ನಿಲ್ಲಲಿಲ್ಲ. 1791ರ ಡಿಸೆಂಬರಿನಲ್ಲಿ ಕುಣಿಗಲ್ ಸೀಮೆಯ ಹುತ್ರಿದುರ್ಗವು ಇಂಗ್ಲಿಷರ ವಶವಾಯಿತು. ಮರಾಠರ ಮತ್ತು ನಿಜಾಮನ ನೆರವಿನೊಡನೆ ಕಾರ್ನ್‌ವಾಲಿಸನು ಮತ್ತೆ ಬಂದನು. 1792ರ ಒಪ್ಪಂದದಂತೆ ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಕೊಡಲು ಒಪ್ಪಿ, ತನ್ನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕಳುಹಿಸಿದನು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯು ಬಿದ್ದಿತು. ಕೊನೆಯ ಹೋರಾಟದಲ್ಲಿ ಗಾಯಗೊಂಡ ಕುದುರೆಯು ಆತನ ಕೆಳಗೆ ಕುಸಿಯಿತು; ಕೋಟೆಯ ಬಾಗಿಲಲ್ಲಿಯೇ ಟಿಪ್ಪು ಹೋರಾಡುತ್ತ ಮಡಿದನು.

ಅರಸನು ಅಳಿದರೂ ಆತನ ಕಟ್ಟಳೆಗಳು ಅಳಿಯಲಿಲ್ಲ. ಟಿಪ್ಪುವಿನ ಅನಂತರ ಸರಿಯಾಗಿ ನೋಡಿಕೊಳ್ಳುವವರಿಲ್ಲದೆ ಅಮೃತ ಮಹಲಿನ ಮಂದೆಗಳು ಕ್ಷೀಣಿಸಿದವು. 1813ರಲ್ಲಿ ಕ್ಯಾಪ್ಟನ್ ಹಾರ್ವೆ ಎಂಬ ಅಧಿಕಾರಿ ಅವುಗಳ ಹೊಣೆಯನ್ನು ವಹಿಸಿಕೊಂಡನು. ಟಿಪ್ಪುವಿನ ಹುಕುಂನಾಮೆಯೇ ಬ್ರಿಟಿಷ್ ಅಧಿಕಾರಿಗಳಿಗೂ ದಾರಿದೀಪವಾಯಿತು. 1860ರಲ್ಲಿ ಖರ್ಚು ಉಳಿಸುವ ನೆಪದಿಂದ ಸರ್ಕಾರವು ಮಂದೆಗಳನ್ನು ಮಾರಿಬಿಟ್ಟಿತು. ಕೆಲವೇ ವರ್ಷಗಳಲ್ಲಿ ತಪ್ಪಿನ ಅರಿವಾಗಿ ಇಲಾಖೆಯನ್ನು ಮತ್ತೆ ಕಟ್ಟಬೇಕಾಯಿತು. ನೂರಾರು ವರ್ಷಗಳಲ್ಲಿ ಕೂಡಿದ ತಳಿಯನ್ನು ಚದುರಿಸಲು ಒಂದು ಆಜ್ಞೆ ಸಾಕು. ಮತ್ತೆ ಕೂಡಿಸಲು ಒಂದು ಆಜ್ಞೆ ಸಾಲದು. ಇಂದು ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದಲ್ಲಿ ಸರ್ಕಾರವು ಅಮೃತ ಮಹಲ್ ತಳಿಯನ್ನು ಕಾಪಾಡುತ್ತಿದೆ. ಆದರೆ ಹಳೆಯ ಕಾವಲುಗಳಲ್ಲಿ ಅನೇಕವು ಹೊಲಗಳಾಗಿ, ಊರುಗಳಾಗಿ ಕರಗಿಹೋಗಿವೆ. ಕುಣಿಗಲ್ಲಿನ ನೆಲವು ಮೈಸೂರು ಅರಸರ ಅಶ್ವದಳಕ್ಕೆ ನೆರವಾಗಿ, ಮುಂದೆ ಪಂದ್ಯದ ಕುದುರೆಗಳ ತವರಾಯಿತು.

ಅಮೆರಿಕ ದೇಶದ ಪಶ್ಚಿಮ ಭಾಗದಲ್ಲಿ ಸರ್ಕಾರಕ್ಕೆ ಸೇರಿದ ವಿಶಾಲವಾದ ಬಯಲುಗಳಿವೆ. ಅಲ್ಲಿ ಒಡೆಯರಿಲ್ಲದೆ ಅಲೆಯುವ ಕುದುರೆಗಳನ್ನು ಕಾಪಾಡಲು 1971ರಲ್ಲಿ ಕಾನೂನೊಂದು ಜಾರಿಗೆ ಬಂದಿತು. ಕುದುರೆಗಳು ಹೆಚ್ಚಿದರೆ ಹುಲ್ಲು ಸಾಲದು, ಹುಲ್ಲು ಬರಿದಾದರೆ ಕುದುರೆಗಳೂ ಉಳಿಯವು ಎಂಬ ಚಿಂತೆ ಆ ದೇಶವನ್ನು ಇಂದಿಗೂ ಕಾಡುತ್ತಿದೆ. ಮಂದೆಯನ್ನು ಎಣಿಸುವುದು, ನೆಲಕ್ಕೆ ವಿಶ್ರಾಂತಿ ಕೊಡುವುದು, ಮಿತಿಯನ್ನು ಮೀರದಿರುವುದು ಅಲ್ಲಿಗೂ ಬೇಕಾದ ಪಾಠಗಳೇ.

ಅರಸರ ಕೋಟೆಗಳು ಪಾಳುಬಿದ್ದಿವೆ, ಫಿರಂಗಿಗಳು ತುಕ್ಕು ಹಿಡಿದಿವೆ. ಮಳೆ ಬಂದೊಡನೆ ಹುಲ್ಲು ಮಾತ್ರ ಮತ್ತೆ ಚಿಗುರುತ್ತದೆ. ಅದು ಚಿಗುರಲು ಸ್ವಲ್ಪ ನೆಲವನ್ನು ಉಳಿಸಿಕೊಡುವ ಹೊಣೆ ಹಿಂದೆ ಅರಸರದಾಗಿತ್ತು. ಈಗ ಅದು ಪ್ರಜೆಗಳಾದ ನಮ್ಮೆಲ್ಲರದಾಗಿದೆ.