ರಾಜಾ ರಾಮಣ್ಣ: ಪೋಖ್ರಾನ್‌ನಾಚೆಯ ಹೊಣೆ

ಪೋಖ್ರಾನ್ ಎಂದೊಡನೆ ನೆನಪಾಗುವ ಡಾ. ರಾಜಾ ರಾಮಣ್ಣ ಅವರನ್ನು ವಿಕಿರಣಶೀಲ ತ್ಯಾಜ್ಯದ ವಿಚಾರದಲ್ಲಿ ಸ್ಮರಿಸುವವರು ವಿರಳ. 1925ರ ಜನವರಿ 28ರಂದು ತುಮಕೂರಿನಲ್ಲಿ ಜನಿಸಿದ ಅವರು ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಓದಿ, ಲಂಡನ್ನಿನಲ್ಲಿ ಡಾಕ್ಟರೇಟ್ ಪಡೆದು, 1949ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿದರು. ಪಿಯಾನೊ ವಾದನದಲ್ಲೂ ಪಳಗಿದವರು. 1974ರ ಮೇ 18ರ ಅಣು ಪರೀಕ್ಷೆಯ ಸಾರಥ್ಯ ಅವರದಾಗಿತ್ತು.

1983ರಲ್ಲಿ ಅವರು ಅಣುಶಕ್ತಿ ಆಯೋಗದ ಅಧ್ಯಕ್ಷರಾದರು. ಅದೇ ನವೆಂಬರ್ 15ರಂದು ಅಣುಶಕ್ತಿ ನಿಯಂತ್ರಣ ಮಂಡಳಿ ರಚನೆಯಾಯಿತು. 1987ರಲ್ಲಿ ತ್ಯಾಜ್ಯ ವಿಲೇವಾರಿಯ ನಿಯಮಗಳು ಬಂದವು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಪ್ರಯೋಗಾಲಯವಿರಲಿ, ಪೀಣ್ಯದ ಕಾರ್ಖಾನೆಯಿರಲಿ, ವಿಕಿರಣಶೀಲ ವಸ್ತು ಬಳಸುವವರು ಈ ಚೌಕಟ್ಟಿಗೆ ಒಳಪಟ್ಟವರೇ. ಜೀವವಿಜ್ಞಾನಿಗಳು ಬಳಸುವ ಫಾಸ್ಫರಸ್-32ರ ಅರ್ಧಾಯುಷ್ಯ ಸುಮಾರು 14 ದಿನ. ಅದಕ್ಕೆ ಸೀಸಕ್ಕಿಂತ ಮೊದಲು ದಪ್ಪ ಅಕ್ರಿಲಿಕ್ ಮರೆ ಬೇಕು. ಅದರ ತ್ಯಾಜ್ಯವನ್ನು ದಿನಾಂಕ ನಮೂದಿಸಿ ಐದು ತಿಂಗಳು ಬೀಗದಲ್ಲಿಟ್ಟರೆ ವಿಕಿರಣ ಸಾವಿರದಲ್ಲೊಂದು ಪಾಲಿಗಿಳಿಯುತ್ತದೆ. ಬಳಿಕ ಅಳೆದು ನೋಡಿಯೇ ವಿಲೇವಾರಿ. ಕಾರ್ಬನ್-14ರ ಅರ್ಧಾಯುಷ್ಯವೋ 5,730 ವರ್ಷ. ಅಲ್ಲಿ ಕಾಯುವ ಮಾತೇ ಇಲ್ಲ.

ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಸ್ಥಾಪಕ ನಿರ್ದೇಶಕರಾಗಿಯೂ ದುಡಿದ ರಾಮಣ್ಣ 2004ರ ಸೆಪ್ಟೆಂಬರ್ 24ರಂದು ಮುಂಬೈಯಲ್ಲಿ ನಿಧನರಾದರು. ನಿಯಮವಿದ್ದರೆ ಸಾಲದು, ಲೆಕ್ಕವಿಡುವವರೂ ಬೇಕೆಂಬುದು ಆರು ವರ್ಷಗಳ ಬಳಿಕ ಬಯಲಾಯಿತು. ದೆಹಲಿ ವಿಶ್ವವಿದ್ಯಾಲಯದಲ್ಲಿ ವರ್ಷಗಟ್ಟಲೆ ಮೂಲೆಗೆ ಬಿದ್ದಿದ್ದ ಕೋಬಾಲ್ಟ್-60 ಉಪಕರಣ 2010ರಲ್ಲಿ ಗುಜರಿಗೆ ಹರಾಜಾಗಿ, ಮಾಯಾಪುರಿಯ ಕಾರ್ಮಿಕನೊಬ್ಬ ಅಸುನೀಗಿದ. 2012ರಲ್ಲಿ ಮಹಾಲೇಖಪಾಲರು ಮಂಡಳಿಗೆ ಕಾನೂನಿನ ಸ್ವಾಯತ್ತತೆಯೇ ಇಲ್ಲವೆಂದು ವರದಿ ಮಾಡಿದರು.