ಹತ್ತಿ ಬಿಡಿಸಿ ಇತಿಹಾಸ ಕಲಿಸಿದ ಜಾನ್ ಡ್ಯೂಯಿ

ಜಾನ್ ಡ್ಯೂಯಿ 1859ರಲ್ಲಿ ಅಮೆರಿಕದ ಬರ್ಲಿಂಗ್ಟನ್‌ನಲ್ಲಿ ಜನಿಸಿದರು. ಹಿಂದೆ ನೂಲು, ಬಟ್ಟೆ, ಮೇಣದಬತ್ತಿಗಳು ಮನೆಯಲ್ಲೇ ತಯಾರಾಗುತ್ತಿದ್ದವು. ಮಕ್ಕಳು ಹಿರಿಯರೊಡನೆ ಕೈಜೋಡಿಸುತ್ತಲೇ ಕಲಿಯುತ್ತಿದ್ದರು. ಕಾರ್ಖಾನೆಗಳು ಬಂದ ಮೇಲೆ ಆ ಕಲಿಕೆ ಮನೆಯಿಂದ ಮರೆಯಾಯಿತೆಂಬುದು ಅವರ ಕೊರಗು. ಅದನ್ನು ಶಾಲೆಯೊಳಗೆ ತರಲು 1896ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಪ್ರಾಯೋಗಿಕ ಶಾಲೆ ತೆರೆದರು.

ಅಲ್ಲಿನ ಮಕ್ಕಳ ಕೈಗೆ ಹತ್ತಿ, ಉಣ್ಣೆಗಳನ್ನು ಕೊಡಲಾಯಿತು. ಒಂದು ಗುಂಪಿನ ಮಕ್ಕಳು ಅರ್ಧ ಗಂಟೆ ಬೀಜ ಬಿಡಿಸಿದರೂ 28 ಗ್ರಾಂ ಹತ್ತಿ ದೊರೆಯಲಿಲ್ಲ. ಪೂರ್ವಿಕರು ಹತ್ತಿಗಿಂತ ಉಣ್ಣೆಯನ್ನೇ ಹೆಚ್ಚಾಗಿ ಏಕೆ ತೊಟ್ಟರು, ಬೀಜ ಬೇರ್ಪಡಿಸುವ ಯಂತ್ರ ಏಕೆ ಬೇಕಾಯಿತು ಎಂಬುದು ಮಕ್ಕಳಿಗೆ ತಾವಾಗಿ ಹೊಳೆಯಿತು.

ಶಾಲೆಯ ಆಡಳಿತ ಮತ್ತು ಅದರ ಮುಖ್ಯಸ್ಥೆಯಾಗಿದ್ದ ಪತ್ನಿ ಆಲಿಸ್ ಅವರ ಹುದ್ದೆಯ ಕುರಿತು ವಿಶ್ವವಿದ್ಯಾಲಯದೊಡನೆ ವಿವಾದವೆದ್ದು, 1904ರಲ್ಲಿ ದಂಪತಿ ಇಬ್ಬರೂ ಹೊರನಡೆದರು. ತಾವೇ ಕಟ್ಟಿದ ಶಾಲೆ ಕೈತಪ್ಪಿತು. ಬಳಿಕ ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಬೋಧಿಸಿದ ಅವರು 1952ರಲ್ಲಿ ನಿಧನರಾದರು.

ಪ್ರಶಿಕ್ಷಣಾರ್ಥಿಗಳು ಈ ಚಟುವಟಿಕೆಯನ್ನು ಮನೆಗೆಲಸವಾಗಿ ಕೊಡಬಹುದು. ಮಗು ಮನೆಯವರೊಡನೆ ಕುಳಿತು ಬೀಜವಿರುವ ಹತ್ತಿ ಬಿಡಿಸಲಿ, ಹಿಡಿದ ಸಮಯ ಬರೆದಿಡಲಿ. ಉತ್ತರವನ್ನು ಮಾತ್ರ ಮೊದಲೇ ಹೇಳಬಾರದು: ಮೊದಲು ಕೈಕೆಲಸ, ಆಮೇಲೆ ಪ್ರಶ್ನೆ, ಕೊನೆಗೆ ಪಠ್ಯಪುಸ್ತಕ.